ಹಗ್ಗದಲ್ಲಿ ನಿನ್ನ ಜಾಗ

ಮಂಜಣ್ಣಾ,

ನೀನು ತೀರಿಹೋದ ಮೇಲೆ ಇವತ್ತೇ ಮೊದಲ ಸಲ ಊರವರೆಲ್ಲ ಸೇರಿ ರಂಪಣಿ ಬಲೆಯನ್ನು ದಡಕ್ಕೆ ಎಳೆದೆವು. ಹಗ್ಗದಲ್ಲಿ ನನ್ನ ಮುಂದಿದ್ದ ನಿನ್ನ ಜಾಗಕ್ಕೆ ಯಾರೂ ಬರಲಿಲ್ಲ. ಕುಮಟೆ ಕಾಲೇಜಿನ ಪುಸ್ತಕ ಹಿಡಿದು, ಬಲವಿಲ್ಲದ ಜೀವ ಉಳಿಯುವುದಿಲ್ಲ ಎಂದು ನಿನಗೇ ಓದಿ ಹೇಳಿದ್ದೆನಲ್ಲ. ಸಣಕಲು ಕಾಲು ನೀವಿಕೊಳ್ಳುತ್ತ ನೀನು ಎಷ್ಟು ಚೆಂದ ನಕ್ಕಿದ್ದೆ!

ಅರ್ಧ ಎಳೆಯುವಷ್ಟರಲ್ಲಿ ಕೈ ಸೋತು ನಾನು ಹಗ್ಗ ಬಿಟ್ಟೆ. ಯಾರೂ ಇಲ್ಲದ ನಿನ್ನ ಜಾಗದಲ್ಲಿ ಮಾತ್ರ ಹಗ್ಗ ಹೆಜ್ಜೆಹೆಜ್ಜೆಗೂ ಎಡಕ್ಕೆ ವಾಲುತ್ತಿತ್ತು, ನೀನು ಕುಂಟುತ್ತ ಎಳೆಯುವಾಗಿನ ಹಾಗೆಯೇ.

ಮೀನು ಪಾಲು ಹಾಕುವಾಗ ಶನಿಯಾರಜ್ಜ ನಿನಗೂ ಒಂದು ರಾಶಿ ಬಂಗುಡೆ ಇಟ್ಟ.

"ಅಣ್ಣ ಇಲ್ವಲ್ಲ ಅಜ್ಜಾ?" ಎಂದೆ.

"ಎಂತ ಮಾತು ನಿಂದು? ಹಗ್ಗ ಎಳ್ದವಂಗೆ ಪಾಲು ಕೊಡೂದೇ."

ಆಮೇಲೆ, ಹಗ್ಗ ಬಿಟ್ಟಿದ್ದ ನನಗೂ ಕೊಟ್ಟ.