ನಿನ್ನ ಬೂದು ಗಿಳಿಗಳ ಜೋಡಿ

ಲೇ ದೋಸ್ತ ಈರಣ್ಣಾ,

ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಅನ್ನುವವರಿಗೆ ನಿನ್ನಂಥ ಗೆಳೆಯ ಇರಲಿಲ್ಲ. ನಾವು ಮಾತು ಬಿಟ್ಟು ಮೂರು ವರ್ಷ, ನೀನು ಹೋಗಿ ಒಂದು ವರ್ಷದ ಮೇಲಾಯಿತು. ನನ್ನ ಸಿಟ್ಟು ಮಾತ್ರ ಎಳ್ಳಷ್ಟೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಡುವೆ ಬಾಯಿ ಹಾಕಬೇಡ.

ನೆನಪಿದೆಯೇ, ಕುಬಿಹಾಳದ ನಿನ್ನ ಹಿತ್ತಲಲ್ಲಿ ಪಂಜರ ಕಟ್ಟಿದ್ದು? ಆಳು ನಿಂತು ಓಡಾಡುವಷ್ಟು ದೊಡ್ಡ ಪಂಜರ. ನಾನು ನನ್ನ ವೆಲ್ಡಿಂಗ್ ಅಂಗಡಿ ಎರಡು ವಾರ ಮುಚ್ಚಿ ಬಂದು, ಹಕ್ಕಿಯ ಕಾಲಿಗೆ ತಾಗಬಾರದೆಂದು ಒಂದೊಂದು ಬೆಸುಗೆಯನ್ನೂ ಉಜ್ಜಿ ನುಣುಪು ಮಾಡಿದೆ. ಜಾಗ ನಿನ್ನದು, ಕೆಲಸ ನನ್ನದು, ಹಕ್ಕಿ ಇಬ್ಬರವು. ಲವ್ ಬರ್ಡ್‌ಗಳು ಮರಿ ಮಾಡಿದ ಮೇಲೆ ಧೈರ್ಯ ಬಂದು, ಕಾಗದಪತ್ರವೆಲ್ಲ ಮಾಡಿಸಿ, ಆಫ್ರಿಕನ್ ಗ್ರೇ ಗಿಳಿಗಳ ಜೋಡಿ ತಂದೆವು. ಬೂದು ಮೈ, ಕೆಂಪು ಬಾಲ.

ಅವುಗಳಲ್ಲಿ ಗಂಡು ಹೆಣ್ಣು ನೋಡಿದರೆ ತಿಳಿಯದು. ಲ್ಯಾಬಿಗೆ ಪುಕ್ಕ ಕಳಿಸಿದರೆ ಪರೀಕ್ಷೆ ಮಾಡಿ ಹೇಳುತ್ತಾರೆ, ಕಳಿಸೋಣ ಎಂದು ನಾನಂದೆ. ನೀನು ಕೇಳಿದೆಯಾ? ಹೊಟ್ಟೆಯ ಕೆಳಗಿನ ಎಲುಬುಗಳ ನಡುವೆ ಬೆರಳಿಟ್ಟು, “ಇದರ ಸಂದು ಅಗಲ ಐತಿ, ಹೆಣ್ಣ. ಅದರದು ಕೂಡೇತಿ, ಗಂಡ. ನನ್ನ ಬೆರಳ ಸುಳ್ಳ ಹೇಳೂದಿಲ್ಲಲೇ,” ಎಂದೆ. ಹುಬ್ಬಳ್ಳಿಯಿಂದಲೂ ಜನ ನಿನ್ನ ಬೆರಳಿಗೆಂದು ಹಕ್ಕಿ ತರುತ್ತಿದ್ದರಲ್ಲ, ಹೊಗಳಿ ಹೊಗಳಿ ನಿನ್ನನ್ನು ಅಟ್ಟಕ್ಕೇರಿಸಿದ್ದರು.

ಮೊದಲ ಸಲ ಏಳು ತತ್ತಿ ಕಂಡಾಗ ನೀನು ಪೇಢೆ ಹಂಚಿದೆ. ಈ ಹಕ್ಕಿ ಇಡುವುದು ಮೂರು, ಹೆಚ್ಚೆಂದರೆ ನಾಲ್ಕು. ಏಳು ಹೇಗಾಯಿತು ಎಂದು ನಮ್ಮಿಬ್ಬರಲ್ಲಿ ಒಬ್ಬನಿಗಾದರೂ ತಲೆ ಓಡಬೇಕಿತ್ತಲ್ಲ? ಎಂಟನೆಯ ದಿನ ನಾನು ಗೂಡಿನ ಪೆಟ್ಟಿಗೆ ತೆಗೆದು, ಮೊಬೈಲಿನ ಬೆಳಕಿಗೆ ತತ್ತಿ ಹಿಡಿದೆ. ರಕ್ತದ ಎಳೆ ಒಂದೂ ಇಲ್ಲ, ತಿಳಿನೀರು. “ಕಾವ ತಪ್ಪಿ ಕೆಟ್ಟಿಲ್ಲೋ, ಮೊದಲಿಂದನ ಖಾಲಿ ಅದಾವು,” ಎಂದೆ. ನೀನು ಕೇಳಿದ್ದು ಒಂದೇ: “ಪೆಟಗಿ ಯಾಕ ತೆಗದಿ?”

ಮೂರನೆಯ ಸಲವೂ ಹಾಗೇ ಆದಾಗ ಚಹಾದಂಗಡಿಯಲ್ಲಿ ಹತ್ತು ಜನರೆದುರು ಅಂದೆಯಲ್ಲ, “ದಾವಲನ ಕಣ್ಣ ಚಲೋ ಅಲ್ಲ. ಅಂವ ಇಣಿಕಿದ ತತ್ತಿ ಮರಿ ಆಗೂದಿಲ್ಲ.” ಹಕ್ಕಿಗೆಂದು ನಾನೇ ತಂದಿಟ್ಟ ಒಣ ಮೆಣಸಿನಕಾಯಿಯನ್ನು ನೀನು ಗೂಡಿಗೆ ನಿವಾಳಿಸಿ ಒಲೆಗೆ ಹಾಕಿದೆ. ನಾನು ಮಾಡಿದ ಬಾಗಿಲಿಗೆ ನನ್ನನ್ನು ಹೊರಗಿಡಲು ಬೀಗ ಜಡಿದೆ. ನಿನಗೆ ಅದೊಂದು ಮಾತು, ಊರೆಲ್ಲ ಅದನ್ನೇ ನಂಬಿತು. ಎಮ್ಮೆ ಈದ ಮನೆಗೆ ಗೇಟು ಕೂರಿಸಲು ಹೋದರೆ ಕೊಟ್ಟಿಗೆಯ ಬಾಗಿಲು ಮುಚ್ಚುತ್ತಿದ್ದರು. ನನ್ನ ಒಡಹುಟ್ಟಿದ ತಂಗಿ, ನಾನು ತೊಟ್ಟಿಲ ಬಳಿ ಬಾಗಿದಾಗ ಕೂಸಿನ ಮುಖಕ್ಕೆ ಸೆರಗು ಎಳೆದಳು. ಎಳೆದು ತಾನೇ ಅತ್ತಳು. ಅವತ್ತು ನಿನ್ನನ್ನು ಎಷ್ಟು ಬೈದೆನೆಂದರೆ... ಇರಲಿ, ಕಾಗದದ ಮೇಲೆ ಬರೆಯುವಂಥದ್ದಲ್ಲ.

ಎದೆನೋವೆಂದು ಕುಳಿತವನು ನೀನು ಏಳಲೇ ಇಲ್ಲ. ನಿನ್ನ ಮಣ್ಣಿಗೆ ಬಂದು ದೂರ ನಿಂತು ಹೋದೆ. ವಾರದ ಮೇಲೆ ನಿನ್ನ ಹೆಂಡತಿ ಶಾಂತಾ ವೈನಿ ಫೋನ್ ಮಾಡಿದರು. “ದಾವಲಣ್ಣಾ, ಹಕ್ಕಿ ಕಾಳ ಮುಟ್ಟವಲ್ವು. ನನಗ ಏನೂ ತಿಳಿಯಂಗಿಲ್ಲ, ನೀವ ಬರ್ರಿ.” ಬಂದೆ. ಕುಸುಬಿ ನೆನೆಹಾಕಿದೆ, ಪಂಜರ ತೊಳೆದೆ. ಗಿಳಿಗಳು ನಿನ್ನ ದನಿಯಲ್ಲಿ ಮಾತಾಡುತ್ತವೆಯೇ ಎಂದು ಜನ ಕೇಳುತ್ತಾರೆ. ಇಲ್ಲ, ಅವಕ್ಕೆ ಬರುವುದು ಕುಕ್ಕರಿನ ಸೀಟಿ ಒಂದೇ. ಒಳ್ಳೆಯದಾಯಿತು, ಇಲ್ಲದಿದ್ದರೆ ಅವುಗಳ ಸಂಗಡವೂ ಜಗಳವಾಡುತ್ತಿದ್ದೆ.

ಆಮೇಲೆ ಎರಡರ ಎದೆಯಿಂದಲೂ ನಾಲ್ಕು ನಾಲ್ಕು ಪುಕ್ಕ ಕಿತ್ತು, ಬೇರೆ ಬೇರೆ ಲಕೋಟೆಯಲ್ಲಿ ಪರೀಕ್ಷೆಗೆ ಕಳಿಸಿದೆ. ಎರಡೂ ಹೆಣ್ಣು ಈರಣ್ಣಾ. ಏಳು ತತ್ತಿ ಒಂದರವಲ್ಲ, ಎರಡೂ ಕೂಡಿ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದವು. ನಿನ್ನ ಬೆರಳಿನ ತಪ್ಪನ್ನು ಮೂರು ವರ್ಷ ನನ್ನ ಕಣ್ಣು ಹೊತ್ತಿತು. ಹೇಳು, ಇದಕ್ಕೆ ಏನನ್ನುತ್ತೀ?

ಒಂದು ಹೆಣ್ಣನ್ನು ಕೊಟ್ಟು ಗಂಡು ತಂದೆ. ಅವು ಹೊಂದಿಕೊಳ್ಳಲು ಆರು ತಿಂಗಳು ಹಿಡಿಯಿತು. ಮೂರು ತತ್ತಿ ಬಂದವು. ಹಟಕ್ಕೆ ದಿನವೂ ಪೆಟ್ಟಿಗೆ ತೆಗೆದು ನೋಡಿದೆ. ಎರಡು ಮರಿಯಾದವು.

ಮೊನ್ನೆ ನಾನು ಚಹಾದಂಗಡಿಯ ಮೂಲೆಯ ಬೆಂಚಿನ ಮೇಲಿದ್ದೆ. ಎಂದೂ ಅತ್ತ ಕಾಲಿಡದ ವೈನಿ ಸೆರಗು ಹೊದ್ದು ಬಂದು ಗಂಡಸರ ನಡುವೆ ನಿಂತರು. “ನಮ್ಮ ಮನಿಯವರು ದಾವಲಣ್ಣನ ಬಗ್ಗೆ ಇಲ್ಲೆ ಕುಂತ ಅಂದಿದ್ದು ತಪ್ಪೈತ್ರಿ. ದಾವಲಣ್ಣ ದಿನಾ ಪೆಟಗಿ ತೆಗದ ನೋಡ್ಯಾರ, ಎರಡ ಮರಿ ಆಗ್ಯಾವು. ಬೇಕಾದವರು ಬಂದ ನೋಡ್ರಿ.” ಇಷ್ಟು ಹೇಳಿ ಹೊರಟುಹೋದರು.

ನನಗೆ ಸಮಾಧಾನವಾಗಬೇಕಿತ್ತು. ಮೈಯೆಲ್ಲ ಉರಿದುಹೋಯಿತು. ಆ ಮಾತು ಹೇಳಲು ಆಕೆ ಏಕೆ ಬರಬೇಕಿತ್ತು? ನೀನು ಬದುಕಿದ್ದು ಹೇಳಬೇಕಿತ್ತಲೇ ಈರಣ್ಣಾ. ಹೇಳದಿದ್ದರೂ ಹೋಗಲಿ, ಬದುಕಿರಬೇಕಿತ್ತು.

ದಾವಲಸಾಬ