ಬೂದಿ ಬಣ್ಣದ ಸೀರೆಯ ಅಂಚು

ಬ್ಯಾಡರಹಳ್ಳಿ
ಭಾನುವಾರ, 21-4-1957

ಚಿ. ಸೌ. ಜಗದಾಂಬಾಳಿಗೆ,

ನಿನ್ನ ಸೋದರಮಾವ ವೆಂಕಟಗಿರಿ ಹರಸಿ ಬರೆಯುವುದು. ರಾಜಾಜಿನಗರದ ಹೊಸ ಮನೆಗೆ ಸುಣ್ಣ ಬಳಿದದ್ದಾಯಿತೆಂದು ಅಳಿಯಂದಿರು ಹೇಳಿ ಕಳಿಸಿದ್ದರು. ಸಂತೋಷವಾಯಿತು. ಬಾಗಿಲಿಗೆ ಮಾತ್ರ ಬೇರೆ ಯಾರ ಕೈಯಲ್ಲೂ ಬಣ್ಣ ಹೊಡೆಸಬೇಡ, ಅದು ನನ್ನ ಪಾಲಿಗಿರಲಿ. ಬೆಳಿಗ್ಗೆ ಹೊರಟರೆ ಬಿಸಿಲೇರುವುದರೊಳಗೆ ನಿನ್ನ ಮನೆ ಸೇರಬಹುದು, ಆದರೂ ಕಾಗದ ಬರೆಯುತ್ತಿದ್ದೇನೆ. ನಿನ್ನೆದುರು ಬಂದು ಕೂತರೆ ನೀನು ಕಾಫಿ ಕೊಡುತ್ತೀಯ, ನಾನು ಕುಡಿದು ಎದ್ದು ಬರುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ಯುಗಾದಿಗೆ ಬಂದಾಗ ನಿಮ್ಮವ್ವನಿಗೆ ಕೊಟ್ಟು ಹೋದೆಯಲ್ಲ, ಬೂದಿ ಬಣ್ಣದ ಸೀರೆ, ಅದು ಹಾಳಾಯಿತು. ನನ್ನ ಬಣ್ಣದ ಡಬ್ಬ ಅದರ ಮೇಲೆ ಉರುಳಿತು. ಎಣ್ಣೆ ಬಣ್ಣ, ಒಗೆದರೆ ಹೋಗುವಂಥದ್ದಲ್ಲ. ಬೇಜಾರಾದರೆ ನನ್ನ ಮೇಲೆ ಮಾಡಿಕೋ. ಉಡಲು ಸೀರೆಯಿಲ್ಲ, ಗೃಹಪ್ರವೇಶಕ್ಕೆ ನೀನೊಬ್ಬನೇ ಹೋಗಿ ಬಾ, ನಾನು ಎಮ್ಮೆ ನೋಡಿಕೊಂಡು ಇರುತ್ತೇನೆ ಎನ್ನುತ್ತಿದ್ದಾಳೆ ಅಕ್ಕ. ಎಮ್ಮೆಯನ್ನು ಪಕ್ಕದ ಮನೆಯವರೂ ನೋಡಿಕೊಳ್ಳುತ್ತಾರೆ. ಅದು ನಿನಗೂ ಗೊತ್ತು.

ನೀನು ಕೆಟ್ಟ ಮನಸ್ಸಿನಿಂದ ಕೊಟ್ಟೆ ಅನ್ನುವುದಿಲ್ಲ ಮಗಳೇ. ಅವ್ವಾ, ಆವತ್ತು ಇದನ್ನೇ ಉಟ್ಕೊ, ಇವರ ಆಫೀಸಿನೋರೆಲ್ಲ ಬರ್ತಾರೆ, ಆ ಕಿತ್ತಳೆ ಸೀರೆ ಮಾತ್ರ ಬೇಡ, ಎಂದು ನೀನು ಹೇಳಿದ್ದು ಮೆತ್ತಗೇ. ಅವಳೂ ಮೆತ್ತಗೇ ಹೂಂ ಅಂದಳು. ನಿನಗೆ ಗೊತ್ತಿಲ್ಲದ್ದು ಆ ಕಿತ್ತಳೆ ಬಣ್ಣ ಎಲ್ಲಿಂದ ಬಂತು ಅನ್ನುವುದು.

ನಿಮ್ಮಪ್ಪ ದೊಡ್ಡಹನುಮಯ್ಯ ಭಾವ ತೀರಿಕೊಂಡಾಗ ನೀನಿನ್ನೂ ಅವ್ವನ ಸೆರಗು ಹಿಡಿದು ನಡೆಯುತ್ತಿದ್ದವಳು. ಹನ್ನೊಂದನೆಯ ದಿನ ನೆಂಟರು ನಿಮ್ಮವ್ವನ ಮಡಿಲಿಗೆ ಒಂದು ಬಿಳೀ ಸೀರೆ ಹಾಕಿದರು. ಆಗ ಮಾಗಡಿ ರಸ್ತೆಯ ಪಕ್ಕದಲ್ಲಿ ಮುತ್ತುಗ ಕಿತ್ತಳೆ ಬಣ್ಣದ ಹೂಬಿಟ್ಟಿತ್ತು. ಅವಳು ಸೊಪ್ಪಿನ ಬುಟ್ಟಿಯ ತುಂಬ ಆ ಹೂ ಆರಿಸಿ ತಂದು ನೀರೊಲೆಯ ಹಂಡೆಯಲ್ಲಿ ಕುದಿಸಿ ಬಿಳೀ ಸೀರೆಯನ್ನು ಅದರಲ್ಲಿ ಅದ್ದಿ ತೆಗೆದಳು. ನಮ್ಮತ್ತೆ ಚಿಕ್ಕಲಕ್ಷ್ಮಮ್ಮ ಬಾಗಿಲಲ್ಲೇ ನಿಂತು, ಗಂಡ ಸತ್ತು ತಿಂಗ್ಳಾಗಿಲ್ಲ, ಇದೇನೇ ನಿನ್ ವೇಷ ಅಂದಳು. ನೀವು ಕೊಟ್ಟ ಸೀರೆನೇ ಕಣತ್ತೆ ಉಟ್ಟಿರೋದು, ಅಂದಳು ನಿಮ್ಮವ್ವ. ಹೂ ಮುಡಿಯಬಾರದು ಅಂದಾಗ ಕಿವಿಯ ಹಿಂದೆ ಒಂದು ಎಸಳು ದವನ ಸಿಕ್ಕಿಸಿಕೊಂಡಳು. ಹೂವು ಬ್ಯಾಡ ಅಂದವ್ರೆ, ಸೊಪ್ಪು ಬ್ಯಾಡ ಅಂದಿಲ್ವಲ್ಲ, ನಾನು ಸೊಪ್ಪು ಮಾರೋಳು, ಅಂದಳು.

ನಾನಾಗ ಜಟಕಾಗಳಿಗೆ ಬಣ್ಣ ಹೊಡೆಯುವುದು ಶುರುಮಾಡಿ ಹೆಚ್ಚು ದಿನವಾಗಿರಲಿಲ್ಲ. ಎಲ್ಲರ ಹಾಗೆ ಕಾವಿ, ಕಪ್ಪು, ಅಷ್ಟೇ ಗೊತ್ತಿದ್ದದ್ದು. ಒಂದು ಬೆಳಿಗ್ಗೆ ಬಾವಿಯ ಹತ್ತಿರ ಅಕ್ಕ ನಿಂತಿದ್ದಳು. ಮುತ್ತುಗದ ಸೀರೆ, ಗಿಳಿಹಸಿರು ರವಿಕೆ, ಬುಟ್ಟಿ ಹೊರಲು ತಲೆಯ ಮೇಲೆ ನೇರಳೆ ಬಟ್ಟೆಯ ಸಿಂಬೆ. ಒಂದಕ್ಕೊಂದು ಹೊಂದದ ಬಣ್ಣಗಳು. ಅವಳ ಮೈಮೇಲೆ ಮಾತ್ರ ಒಂದೇ ಮನೆಯವರ ಹಾಗೆ ಕೂಡಿಕೊಂಡಿದ್ದವು. ಒಳಗೆ ಹೋದವನೇ ಅವನ್ನೇ ಕಲಸಿ ಗಾಡಿಯ ಪಕ್ಕದ ಹಲಗೆಗೆ ಬಳಿದೆ. ಸ್ಟ್ಯಾಂಡಿನಲ್ಲಿ ಜನ ಹುಡುಕಿಕೊಂಡು ಬಂದು ಆ ಗಾಡಿಯನ್ನೇ ಹತ್ತಿದರು. ಈ ಕೆಲಸ ಯಾರ ಹತ್ತಿರ ಕಲಿತೆ ಎಂದು ಇವತ್ತಿಗೂ ಕೇಳುತ್ತಾರೆ, ನಕ್ಕು ಮಾತು ತಿರುಗಿಸುತ್ತೇನೆ. ಅವಳಿಗೂ ಹೇಳಿಲ್ಲ. ಒಡಹುಟ್ಟಿದವಳಿಗೆ ಇಂಥದ್ದನ್ನು ಹೇಗೆ ಹೇಳುವುದು?

ಟೋಲ್‌ಗೇಟಿನ ಹತ್ತಿರ ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ಮುತ್ತುಗದ ಸೀರೆಯಮ್ಮ. ದೂರದಿಂದಲೇ ಕಾಣುತ್ತಿದ್ದಳು, ಹತ್ತು ಜನ ಸೊಪ್ಪಿನವರನ್ನು ದಾಟಿ ಅವಳ ಹತ್ತಿರವೇ ಬರುತ್ತಿದ್ದರು. ನಿನ್ನ ಓದು ನಡೆದದ್ದು ಆ ಬಣ್ಣದಿಂದ.

ನೀನು ಹೋದ ಮಾರನೆಯ ದಿನ ಅವಳು ಉಳಿದ ಸೀರೆಗಳನ್ನೆಲ್ಲ ಟ್ರಂಕಿಗೆ ಹಾಕಿದಳು. ಬೂದಿ ಸೀರೆಯನ್ನೇ ಉಟ್ಟು ವ್ಯಾಪಾರಕ್ಕೆ ಹೊರಟಳು. ಅಭ್ಯಾಸ ಆಗ್ಲಿ ಕಣೋ, ಅಂದಳು. ಆ ವಾರ ಟೋಲ್‌ಗೇಟಿನಲ್ಲಿ ಒಂದು ಗಾಡಿಯ ಚಕ್ರ ನೋಡಲು ಹೋಗಿದ್ದೆ. ಹಳೇ ಗಿರಾಕಿ, ಒಬ್ಬ ಮುದುಕಿ, ನಿಮ್ಮವ್ವನ ಮುಂದೆಯೇ ನಿಂತು ಆ ಕಡೆ ಈ ಕಡೆ ನೋಡಿ, ಇಲ್ಲಿ ಮುತ್ತುಗದ ಸೀರೆಯಮ್ಮ ಕೂತ್ಕೊಳ್ತಿತ್ತಲ್ಲ, ಎಲ್ಲಮ್ಮಾ ಆಯಮ್ಮ, ಹುಷಾರಿಲ್ವಾ ಎಂದು ಅವಳನ್ನೇ ಕೇಳಿದಳು. ನಿಮ್ಮವ್ವ ತಲೆ ಎತ್ತದೆ ಕೀರೆ ಸೊಪ್ಪು ಕಟ್ಟುತ್ತಲೇ ಹೇಳಿದಳು: ಆಯಮ್ಮ ಊರಿಗೆ ಹೋಗವ್ಳೆ, ಬರಾಕಿಲ್ಲ.

ಆವತ್ತಿನಿಂದ ನನ್ನ ಕೈ ಓಡುತ್ತಿಲ್ಲ. ವೆಂಕಟಸ್ವಾಮಿಯ ಜಟಕಾ ಕೊಟ್ಟಿಗೆಯಲ್ಲಿ ನಿಂತಿದೆ. ಬೂದಿ ಬಣ್ಣದ ಮೊದಲ ಕೈ ಹೊಡೆದು ಬಿಟ್ಟಿದ್ದೇನೆ, ಮುಂದೆ ಏನು ಹಚ್ಚಲೆಂದೇ ಹೊಳೆಯದು. ಮೊನ್ನೆ ಬಂದವನು, ಏನ್ ಯಜಮಾನ್ರೇ, ನನ್ ಗಾಡಿನ ಹೆಣ ಹೊರಾಕೆ ಮಾಡ್ತಿದೀರಾ ಅಂದ.

ನಿನ್ನನ್ನು ದೂರುವುದಕ್ಕೆ ಬರೆದದ್ದಲ್ಲ. ಹೊಸ ಬಡಾವಣೆ, ಹೊಸ ಜನ, ನಾಲ್ಕು ಮಂದಿ ಏನೆಂದುಕೊಳ್ಳುತ್ತಾರೋ ಎಂಬ ಭಯ ನಿನಗಿರುವುದು ಸಹಜ. ಆದರೂ ನಿಮ್ಮವ್ವ ಹೇಗಿದ್ದಾಳೋ ಹಾಗೇ ಬರಲಿ ಎಂದು ಒಂದು ಸಾಲು ಬರೆ. ನಾನು ಓದಿ ಹೇಳುತ್ತೇನೆ. ಅವಳಿಲ್ಲದೆ ಆ ಮನೆಯಲ್ಲಿ ಹಾಲುಕ್ಕಿದರೆ ನಾನು ನೋಡಲಾರೆ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಒಳ್ಳೆಯದನ್ನೇ ಬಯಸುವ ಮಾವ,
ವೆಂಕಟಗಿರಿ

ಪುನಶ್ಚ: ಡಬ್ಬ ಉರುಳಲಿಲ್ಲ. ಹಾಗೆಂದು ಬರಿ ಅಂದವಳು ನಿಮ್ಮವ್ವ. ಈಗ ಬಾವಿಗೆ ಹೋಗಿದ್ದಾಳೆ, ಅಷ್ಟರಲ್ಲಿ ಇದನ್ನು ಸೇರಿಸುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ನಾನು ನಿದ್ದೆಯಿಂದ ಎದ್ದು ಕೊಟ್ಟಿಗೆಗೆ ಹೋದರೆ ಅವಳು ನೆಲದ ಮೇಲೆ ಸೀರೆ ಹರಡಿಕೊಂಡು ಉದ್ದಕ್ಕೂ ಅಂಚು ಬರೆಯುತ್ತ ಕೂತಿದ್ದಳು. ಹುಟ್ಟಿದಾಗಿನಿಂದ ಬ್ರಷ್ಷು ಮುಟ್ಟಿದವಳಲ್ಲ. ಡಬ್ಬದ ಹಸಿರಲ್ಲ ಅದು. ಹಳದಿಗೆ ನೀಲಿ, ಮತ್ತೆ ಹಳದಿ, ತಾನೇ ಕಲಸಿದ್ದು. ಯಾವ ಹಸಿರಕ್ಕಾ ಇದು ಅಂದೆ. ಜಗದಾ ಮೊದಲನೇ ದಿನ ಸ್ಕೂಲಿಗೆ ಹಾಕ್ಕೊಂಡು ಹೋಗಿದ್ಲಲ್ಲ, ಆ ಲಂಗದ್ದು ಕಣೋ, ಅಂದಳು. ಉಳಿದ ಬಣ್ಣವನ್ನು ನಾನು ಈಗ, ಮೇಲಿನ ಕಾಗದ ಬರೆದು ಮುಗಿಸಿದ ಮೇಲೆ, ವೆಂಕಟಸ್ವಾಮಿಯ ಗಾಡಿಗೆ ಹಚ್ಚಿದೆ. ಸೀರೆಯನ್ನು ಕೊಟ್ಟಿಗೆಯ ಗಳುವಿನ ಮೇಲೆ ಹಾಕಿದ್ದಾಳೆ, ಅಂಚು ಹಲಗೆಯ ಹಾಗೆ ಬಿರುಸಾಗುತ್ತಿದೆ. ಬರುವುದಿಲ್ಲ ಅನ್ನುವವಳು, ಜಗದಾಗೆ ಈ ಹಸಿರು ಗುರುತು ಸಿಗುತ್ತೇನೋ ಎಂದು ಎರಡು ಸಲ ಕೇಳಿದಳು. ನೀನೇ ಬಂದು ನೋಡಿ ಹೇಳು.