ಅಂಗಳದ ಸೊಲ್ಲು

ಜೂನ್ 10, ಸೋಮವಾರ. ಹಾಸನ

ಏಳನೇ ಕ್ಯಾಸೆಟ್ ಮುಗಿಯಿತು. 1996ರದು. ಮೊಸಳೆ ಅನ್ನೋ ಊರಿನ ದೊಡ್ಡತಾಯಮ್ಮನ ನಾಟಿ ಪದಗಳು. ಅರಕಲಗೂಡಿನ ಅಮರನಾಥ ಮೇಷ್ಟ್ರು ರೆಕಾರ್ಡ್ ಮಾಡಿದ್ದು. ಈಗ ನಮ್ಮ ಕಾಲೇಜಿನ ಡಿಜಿಟಲ್ ಸಂಗ್ರಹಕ್ಕೆ. ಹಾಡು ಹಾಡಾಗಿ ಕತ್ತರಿಸಿ, ಹೆಸರಿಟ್ಟು, ಫೋಲ್ಡರಿಗೆ ಹಾಕುವುದು ನನ್ನ ಕೆಲಸ.

ಒಂದೊಂದು ಸಾಲಿಗೂ ಅಜ್ಜಿ ಅಷ್ಟುದ್ದ ನಿಲ್ಲಿಸುತ್ತಾರೆ. ಉಸಿರಿಗೋ ಏನೋ. ಖಾಲಿ ಜಾಗವನ್ನೆಲ್ಲ ಸಾಫ್ಟ್‌ವೇರಿಗೆ ಹೇಳಿ ತೆಗೆಸಿದೆ. ಕೋಳಿ ಕೂಗು, ಎಲ್ಲೋ ಒಂದು ಮಗುವಿನ ಅಳು — ಅವೂ ಹೋದವು. ಹದಿನಾಲ್ಕು ಟ್ರ್ಯಾಕ್, ಅಚ್ಚುಕಟ್ಟು. ಡಿಸ್ಕ್ ತುಂಬಿತ್ತು, ಮೂಲ ಫೈಲ್ ಡಿಲೀಟ್.

ಜೂನ್ 13

ಹಾಡುಗಳ ಹೆಸರು ಕೇಳಲು ಮೊಸಳೆಗೆ ಹೋದೆ. ದೊಡ್ಡತಾಯಮ್ಮ ಜಗಲಿ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಮೊಬೈಲಿನಲ್ಲಿ ಕೇಳಿಸಿದೆ. ಎರಡು ಸಾಲಿಗೇ ಕೈ ನಿಂತಿತು.

"ಲಕ್ಕಮ್ಮ ಎಲ್ಲವ್ವ?"

"ಯಾವ ಲಕ್ಕಮ್ಮ ಅಜ್ಜಿ?"

"ಅಯ್ಯೋ ನಿನ್ ಮನೆ ಹಾಳಾಗ! ನಾನೊಂದು ಸೊಲ್ಲು ಏಳಿದ್ರೆ ಅವ್ಳೊಂದು ಸೊಲ್ಲು. ಅರ್ಧ ಪದಾನೇ ನುಂಗ್ಬುಟ್ಟಿದ್ದೀಯಲ್ಲೇ ಕೋಮ್ಲಾ!"

ಇಬ್ಬರೂ ಒಂದೇ ಗದ್ದೆಯಲ್ಲಿ ನಾಟಿ ಹಾಕುತ್ತಾ ಹಾಡಿದವರು. ರೆಕಾರ್ಡಿಂಗ್ ದಿನ ಮೈಕು ದೊಡ್ಡತಾಯಮ್ಮನ ನಡುಮನೆಯಲ್ಲಿ. ಕೇರಿಯವರೆಂದು ಲಕ್ಕಮ್ಮನನ್ನು ಒಳಗೆ ಕರೆಯಲಿಲ್ಲ. ಅಂಗಳದಲ್ಲಿ ಕೂತೇ ಹಾಡಿದರಂತೆ.

"ಆಗ ಅಂಗಿತ್ತು ಕಣವ್ವ. ನಂಗೂ ಬಾಯಿ ಬರ್ನಿಲ್ಲ," ಅಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಮರುವರ್ಷವೇ ಲಕ್ಕಮ್ಮ ತೀರಿಕೊಂಡರು. ಒಂದು ಫೋಟೋನೂ ಇಲ್ಲ. ಮಗಳು ಶಾಂತಿ ಚನ್ನರಾಯಪಟ್ಟಣದಲ್ಲಿ ನರ್ಸು. "ಅವ್ವನ ದನಿ ಎಂಗಿತ್ತು ಅಂತ ಬಂದಾಗೆಲ್ಲ ಕೇಳ್ತಾಳೆ. ಏನಂತ ಏಳ್ಲಿ?"

ಬಸ್ಸಿನಲ್ಲಿ ಮತ್ತೆ ಕೇಳಿದೆ, ಒಬ್ಬರದೇ ದನಿ. ಅವತ್ತು ಅವರನ್ನು ಅಂಗಳದಲ್ಲಿ ಕೂರಿಸಿದರು. ನಾನು ಅಲ್ಲಿಂದಲೂ ಎಬ್ಬಿಸಿ ಕಳಿಸಿದೆ. ಥೂ.

ಜೂನ್ 14

ಕ್ಯಾಸೆಟ್ ಮೇಷ್ಟ್ರ ಮನೆಗೆ ವಾಪಸ್ ಹೋಗಿತ್ತು. ಅರಕಲಗೂಡಿಗೆ ಹೋಗಿ ತಂದೆ. ಬೂಷ್ಟು ಹಿಡಿದಿದೆ. "ಇನ್ನೊಂದ್ಸಲ ಓಡಿದ್ರೆ ನಿಮ್ಮ ಪುಣ್ಯ ಕಣಮ್ಮ," ಅಂದರು.

ಜೂನ್ 19

ನಾಲ್ಕು ದಿನ ಟೇಪ್ ಬಿಚ್ಚಿ, ಹತ್ತಿಯಲ್ಲಿ ಒರೆಸಿ, ಬೇರೆ ಕ್ಯಾಸೆಟ್ಟಿಗೆ ಸುತ್ತಿದ್ದಾಯಿತು. ಇವತ್ತು ಹಾಕಿದೆ. ಓಡಿತು! ಕೊನೆಯಲ್ಲಿ ಪಟ್ ಅಂತ ಹರಿಯಿತು. ಹರಿಯಲಿ, ಪೂರ್ತಿ ಕಾಪಿ ಆಗಿದೆ.

ಮೊದಲ ಹಾಡಿನ ಖಾಲಿ ಜಾಗಗಳ ವಾಲ್ಯೂಮ್ ಏರಿಸಿದೆ. ಸುಯ್ ಅನ್ನುವ ಸದ್ದು. ಕೋಳಿ. ಆಮೇಲೆ… ಅಬ್ಬಾ! ಬಾಗಿಲಾಚೆಯಿಂದ ಒಂದು ದನಿ. ಎಷ್ಟು ದೂರದಿಂದ, ಎಷ್ಟು ನೆಟ್ಟಗೆ! ಮೈಕಿಲ್ಲ, ಮರ್ಯಾದೆಯಿಲ್ಲ, ಆದರೂ ಒಂದು ಸೊಲ್ಲು ತಪ್ಪಿಲ್ಲ. ಕೂತು ಕೇಳಲಾಗಲಿಲ್ಲ, ಎದ್ದು ನಿಂತೆ.

ಹಾಡಿದವರು ಕಾಲಂ ತಿದ್ದಿದೆ: ದೊಡ್ಡತಾಯಮ್ಮ, ಲಕ್ಕಮ್ಮ. ಉಳಿದದ್ದಕ್ಕೂ ವಾಲ್ಯೂಮ್ ಏರಿಸಿಟ್ಟೆ. ಕೇಳಲಿಲ್ಲ. ಮೊದಲು ಮಗಳು ಕೇಳಲಿ.

ಜೂನ್ 23, ಭಾನುವಾರ, ಬೆಳಿಗ್ಗೆ 11

ಶಾಂತಿ ಬಂದಿದ್ದರು, ರಾತ್ರಿ ಡ್ಯೂಟಿ ಮುಗಿಸಿ ನೇರ. ಸ್ಪೀಕರಿಗೇ ಹಾಕಿದೆ. ಮೂರು ಹಾಡು ಅಲುಗಾಡದೆ ಕೂತರು. ನಾಲ್ಕನೆಯದರಲ್ಲಿ ಮಗುವಿನ ಅಳು — ನಾನು ಗಲಾಟೆ ಅಂತ ತೆಗೆದಿದ್ದ ಅದೇ ಮಗು. ಅಳು ಜೋರಾಯಿತು. ಲಕ್ಕಮ್ಮನ ಸೊಲ್ಲು ಅರ್ಧಕ್ಕೆ ನಿಂತಿತು. ಆಮೇಲೆ ಅದೇ ದನಿ, ಮೆಲ್ಲಗೆ:

"ಅಳ್ಬ್ಯಾಡ ಕಣೇ ಶಾಂತಿ. ಇಲ್ಲೇ ಇವ್ನಿ."

ಶಾಂತಿ ಸ್ಪೀಕರ್ ಮೇಲೆ ಕೈ ಇಟ್ಟು, "ಊಂ ಅವ್ವ," ಅಂದರು.

ನಿಲ್ಲಿಸಲು ಹೋದೆ. ಬೇಡ ಅಂತ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಲಕ್ಕಮ್ಮ ಮತ್ತೆ ಸೊಲ್ಲು ಎತ್ತಿದರು, ಬಿಟ್ಟಲ್ಲಿಂದಲೇ.